ಅಂಗಡಿಯ ತಂಬಿಟ್ಟು

ಹೂ ಬಲಗಡೆಯಿಂದ ಬಿತ್ತು.

ಮುನಿನಾರಾಯಣಮ್ಮ "ತಾಯೀ" ಎಂದು ಕೆನ್ನೆ ಬಡಿದುಕೊಂಡರು. ಪೂಜಾರಿ ಗಂಟೆ ಬಾರಿಸಿದ. ಸೊಸೆಯ ತಪ್ಪಿನಿಂದಲೇ ಮಾವ ಬಿದ್ದದ್ದು ನಿಜವಾದರೆ ಬಲಗಡೆ ಹೂ ಕೊಡು ಎಂದು ಕೇಳಿಕೊಂಡಿದ್ದರು. ಗುಡಿಯ ದೇವಿ ಪಟಾಲಮ್ಮ ತಡಮಾಡದೆ ಕೊಟ್ಟಳು.

ತಾಯಿಯ ಹಿಂದೆ ಕೈಕಟ್ಟಿ ನಿಂತಿದ್ದ ಅನಂತರಾಜುವಿಗೆ ಮೊದಲು ಆದದ್ದು ಸಮಾಧಾನ. ಆಮೇಲೆ ನಾಚಿಕೆ. ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಲು ಹೋಗಲಿಲ್ಲ.

ಇಂದುವಿನ ತಪ್ಪು ಇಷ್ಟು. ವರ್ಷಕ್ಕೊಮ್ಮೆ ಮನೆಯ ಸೊಸೆ ಮಡಿಯಲ್ಲಿ ಅಕ್ಕಿ ಕುಟ್ಟಿ, ಬೆಲ್ಲ ಕಲಸಿ, ತಂಬಿಟ್ಟಿನ ಆರತಿ ಮಾಡಿ ತಲೆಯ ಮೇಲೆ ಹೊತ್ತು ತರಬೇಕು. ಈ ವರ್ಷ ಅವಳ ಬ್ಯಾಂಕಿನಲ್ಲಿ ಆಡಿಟ್ ನಡೆಯುತ್ತಿತ್ತು. ವಿದ್ಯಾರಣ್ಯಪುರದ ಕಾಂಡಿಮೆಂಟ್ಸ್ ಅಂಗಡಿಯಿಂದ ತಂಬಿಟ್ಟು ತರಿಸಿ, ಪ್ಲಾಸ್ಟಿಕ್ ಡಬ್ಬಿಯಿಂದ ತಟ್ಟೆಗೆ ಹಾಕಿ, ಹೂವಿಟ್ಟು ದೀಪ ಹಚ್ಚಿ ತಂದಳು. ನೋಡಲು ಮನೆಯದಕ್ಕಿಂತ ಚೆನ್ನಾಗಿತ್ತು. ಡಬ್ಬಿ ಅತ್ತೆಯ ಕಣ್ಣಿಗೆ ಬಿದ್ದದ್ದು ಆಮೇಲೆ. ಅದೇ ವಾರ ಮಾವ ಪಿಳ್ಳಪ್ಪನವರು ಬೆಳಗಿನ ಜಾವ ಹಾಲಿಗೆಂದು ಹೊರಟವರು, ಅಂಗಳದಲ್ಲಿ ತೆರೆದಿದ್ದ ನೀರಿನ ಸಂಪಿನ ಬಾಯಿಗೆ ಕಾಲು ಹಾಕಿ ಸೊಂಟ ಮುರಿದುಕೊಂಡರು. ಇನ್ನು ಅವರು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು.

ಸಂಪಿನ ಮುಚ್ಚಳ ತೆಗೆದವನು ಅನಂತರಾಜು.

ಹಿಂದಿನ ಸಂಜೆ, ಟ್ಯಾಂಕರಿನವನು ಪೂರ್ತಿ ನೀರು ಬಿಟ್ಟಿದ್ದಾನೋ ಇಲ್ಲವೋ ನೋಡೋಣವೆಂದು ಎತ್ತಿದ್ದ. ಅಷ್ಟರಲ್ಲಿ ವಿಚಾರ ವೇದಿಕೆಯ ವೇಣುಗೋಪಾಲ್ ಫೋನು ಮಾಡಿದರು. ಮುಂದಿನ ತಿಂಗಳ ಒಂದು ಭಾನುವಾರ ಸಂಜೆ ಉಪನ್ಯಾಸ ಕೊಡಬೇಕು, ವಿಷಯ: ದೇವರು ಮನುಷ್ಯರನ್ನು ಶಿಕ್ಷಿಸುವುದು ನೈತಿಕವೇ? ಅನಂತರಾಜು ಉಬ್ಬಿಹೋದ. ಸೋಲದೇವನಹಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನು ಮಾನವೀಯ ಮೌಲ್ಯಗಳನ್ನು ಕಲಿಸುತ್ತಾನೆ. ಅಲ್ಲಿ ಅವನ ಮಾತು ಕೇಳುವವರಿಲ್ಲ. ಮಾತಾಡುತ್ತಾ ಮೆಟ್ಟಿಲು ಹತ್ತಿದವನು ಮುಚ್ಚಳವನ್ನು ಮರೆತ.

ಆಸ್ಪತ್ರೆಯಲ್ಲಿ ಅಪ್ಪ, "ನಾನೇ ತೆಗ್ದು ಮರ್ತಿರ್ಬೇಕು ಕಣಪ್ಪ. ತಲೇನೇ ನಿಲ್ತಿಲ್ಲ" ಎಂದಿದ್ದರು. ಆಗ ಹೇಳಬಹುದಿತ್ತು. ಅನಂತರಾಜು ಅಪ್ಪನ ಹೊದಿಕೆ ಸರಿಮಾಡಿದ.

"ಮುಚ್ಳ ಅವ್ರ ಕೈಲಿ ತೆಗ್ಸಿದ್ದೂ ಈ ತಾಯೇ" ಎಂದು ಈಗ ಅಮ್ಮ ಪೂಜಾರಿಗೆ ಹೇಳುತ್ತಿದ್ದರು. "ಅಂಗ್ಡಿ ತಂಬಿಟ್ಟು ತಂದು ಇಂಗೆ ಮುಂದೆ ಇಟ್ರೆ ಸುಮ್ಕಿರ್ತಾಳಾ?"

"ತಪ್ಪು ಕಾಣಿಕೆ ಹಾಕ್ಲಿ" ಎಂದ ಪೂಜಾರಿ. "ಮೂರು ಸುತ್ತು ಉರುಳು ಸೇವೆ ಮಾಡ್ಲಿ. ಅಮ್ಮ ದೊಡ್ಡೋಳು, ಕ್ಷಮಿಸ್ತಾಳೆ."

ಉಪನ್ಯಾಸ ಇವತ್ತೇ ಸಂಜೆ. ಅವನು ಚೆನ್ನಾಗಿಯೇ ತಯಾರಾಗಿದ್ದ. ಯಾವ ತಪ್ಪಿಗೆ ಎಂದು ತಿಳಿಯದವನಿಗೆ ಕೊಡುವ ಏಟು ಶಿಕ್ಷೆಯಲ್ಲ, ಬರೀ ಹಿಂಸೆ. ಒಬ್ಬರ ತಪ್ಪಿಗೆ ಇನ್ನೊಬ್ಬರ ಮೂಳೆ ಮುರಿಯುವ ದೇವರು, ದೇವರಾದರೂ ಸರಿ, ನೀತಿವಂತನಲ್ಲ. ಈ ವಾಕ್ಯಕ್ಕೆ ಚಪ್ಪಾಳೆ ಬೀಳುತ್ತದೆಂದು ಅವನು ಎಣಿಸಿದ್ದ. ದೇವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಗುಡಿಯ ಹಿಂದಿನ ನಲ್ಲಿಯಲ್ಲಿ ಇಂದು ತಲೆಗೆ ನೀರು ಹಾಕಿಕೊಂಡು, ಉಟ್ಟ ಸೀರೆಯಲ್ಲೇ ನೆನೆದು ನಿಂತಿದ್ದಳು. ಕಾಂಪೌಂಡಿನ ಆಚೆಯ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಯಾರೋ ನೋಡುತ್ತಿದ್ದರು. ಅವಳು ಸೆರಗು ಬಿಗಿಯಾಗಿ ಸುತ್ತಿಕೊಂಡಳು.

"ರೀ, ಒಂದು ಕೇಳ್ಲಾ?"

"ಹೇಳು."

"ತಪ್ಪು ಮಾಡಿದ್ದು ನಾನು. ಬಿದ್ದಿದ್ದು ಮಾವ. ಇದ್ಯಾವ ನ್ಯಾಯ ರೀ?"

ಅವನು ಬಾಲ್ಕನಿಯ ಕಡೆ ನೋಡಿದ.

"ಆಫೀಸಲ್ಲಿ ಕೂತಿದ್ರೂ ಅದೇ ಯೋಚ್ನೆ. ಆ ಡಬ್ಬಿ ತರಿಸ್ದೇ ಇದ್ದಿದ್ರೆ ಮಾವ ಓಡಾಡ್ಕೊಂಡಿರೋರು ಅನ್ಸತ್ತೆ. ಅವ್ರ ಮುಂದೆ ಕಾಫಿ ಇಟ್ಟು, ಮುಖ ನೋಡ್ದೆ ಬಂದ್ಬಿಡ್ತೀನಿ. ನೀವು ಇದನ್ನೆಲ್ಲಾ ಓದಿದೀರಿ. ಹಾಗೆಲ್ಲ ಇಲ್ಲ ಅಂತ ಒಂದ್ಸಲ ಹೇಳ್ಬಿಡಿ. ಮನೆಗೆ ಹೋಗ್ಬಿಡೋಣ."

ಸಂಜೆ ನೂರು ಜನರಿಗೆ ಹೇಳಲಿದ್ದ ಮಾತನ್ನು ಈಗ ಒಬ್ಬಳಿಗೆ ಹೇಳಬೇಕಿತ್ತು. ಆದರೆ ಇದು ದೇವಿಯ ಕೆಲಸವಲ್ಲ ಎಂದ ಮೇಲೆ ಮತ್ತೆ ಯಾರದು ಎಂಬ ಪ್ರಶ್ನೆ ಬರುತ್ತದೆ. ದೇವರಿಲ್ಲದ ಮನೆಯಲ್ಲಿ ಮುಚ್ಚಳ ತಾನಾಗಿ ತೆರೆದುಕೊಳ್ಳುವುದಿಲ್ಲ.

"ಇಂದು, ಆ ಮುಚ್ಚಳ..."

"ಯಾವ್ದು?"

"ಸಂಪಿಂದು."

ಅವಳು ಕಾದಳು. ಒದ್ದೆ ಕೂದಲಿನಿಂದ ನೀರು ಹುಬ್ಬಿಗೆ ಇಳಿಯುತ್ತಿತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ತನ್ನನ್ನು ಇಷ್ಟು ನಂಬಿಕೆಯಿಂದ ನೋಡಿದ ನೆನಪು ಅವನಿಗಿರಲಿಲ್ಲ.

"ಹಳೇದಾಗಿದೆ. ಹೊಸದು ಹಾಕಿಸ್ಬೇಕು" ಎಂದ.

"ಸರಿ."

"ಒಂದ್ಸಲ ಮಾಡ್ಬಿಡು. ಅಮ್ಮಂಗೂ ಸಮಾಧಾನ ಆಗತ್ತೆ. ನಿಂಗೂ."

ಇಂದು ತಲೆಯಾಡಿಸಿ ಅಂಗಳಕ್ಕೆ ನಡೆದಳು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾಯಿತಲ್ಲ, ಅಷ್ಟರಮಟ್ಟಿಗೆ ತಾನು ಕೆಟ್ಟವನಲ್ಲ ಎಂದೂ ಅನ್ನಿಸಿತು.

ಬೇಸಿಗೆಯ ಮಧ್ಯಾಹ್ನ. ಅಂಗಳಕ್ಕೆ ಹಾಸಿದ ಕಲ್ಲು ಕಾದ ಕಾವಲಿಯಂತಿತ್ತು. ಅಮ್ಮ ನೀರು ತುಂಬಿದ ಬಕೆಟ್ಟು, ಒಂದು ಚೊಂಬು ತಂದು ಅವನ ಮುಂದಿಟ್ಟರು. "ನಂಗೆ ಬಗ್ಗಕ್ಕಾಗಕಿಲ್ಲ. ಅವ್ಳ ಮುಂದೆ ನೀನೇ ನೀರಾಕ್ತಾ ಓಗು. ಮೈ ಸುಟ್ಟಾತು. ದಾರೀನೂ ಏಳ್ತಿರು, ಕಣ್ಣು ಬಿಡಬಾರ್ದು ಅವ್ಳು."

ಹೇಳಿ, ಪ್ರಸಾದಕ್ಕೆಂದು ಒಳಗೆ ಹೋದರು.

ಇಂದು ಬಾಗಿಲ ಮುಂದೆ ಮಲಗಿ, ಕೈಗಳನ್ನು ತಲೆಯ ಮೇಲೆ ಜೋಡಿಸಿ, ಕಣ್ಣು ಮುಚ್ಚಿ ಉರುಳತೊಡಗಿದಳು. ಅನಂತರಾಜು ಚೊಂಬಿನಲ್ಲಿ ಮೊಗೆದು ಕಲ್ಲಿನ ಮೇಲೆ ಸುರಿದ. ನೀರು ಬಿದ್ದ ಕೂಡಲೇ ಆವಿಯ ವಾಸನೆ ಬಂತು. "ಎಡಕ್ಕೆ" ಎಂದ. ಅವಳು ಎಡಕ್ಕೆ ಹೊರಳಿದಳು. "ಕಂಬ ಇದೆ, ನಿಧಾನ." ನಿಧಾನವಾದಳು. ಪೂಜೆಗೆ ಬಂದಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. "ಎಂಥಾ ಗಂಡ ನೋಡು" ಎಂದಳು ಒಬ್ಬಳು. ಅನಂತರಾಜುವಿನ ಬೆನ್ನು ತಾನಾಗಿ ನೆಟ್ಟಗಾಯಿತು. ಆದದ್ದು ಗೊತ್ತಾಗಿ ಕಿವಿಯವರೆಗೂ ಬಿಸಿಯಾಯಿತು.

ಎರಡನೆಯ ಸುತ್ತಿನಲ್ಲಿ ಅವಳ ಮೊಣಕೈ ತರಚಿತು. ಅವನು ಇನ್ನಷ್ಟು ನೀರು ಸುರಿದ.

ಮೂರನೆಯ ಸುತ್ತು ಮುಗಿದು ಬಾಗಿಲ ಮುಂದೆ ಬಂದಾಗ ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಇಂದು ಏದುಸಿರು ಬಿಡುತ್ತಾ ಅಂಗಾತ ಮಲಗಿಬಿಟ್ಟಳು. ಕೆನ್ನೆಗೆ ಕುಂಕುಮ, ಮಣ್ಣು ಮೆತ್ತಿತ್ತು. ಮುಖದಲ್ಲಿ ಈ ಕೆಲವು ವಾರಗಳಲ್ಲಿ ಕಾಣದ ಹಗುರವೊಂದು ಕಂಡಿತು.

"ಮುಗೀತಾ ರೀ?"

ಮುಗಿದಿತ್ತು. ಹೂಂ ಎಂದರೆ ಅವಳು ಕಣ್ಣು ಬಿಡುತ್ತಾಳೆ. ಬಿಟ್ಟ ಕಣ್ಣಿಗೆ ಮೊದಲು ಕಾಣುವುದು ಅವನ ಮುಖ.

"ಇನ್ನೊಂದಿದೆ" ಎಂದ.

ಇಂದು ಮತ್ತೆ ಉರುಳತೊಡಗಿದಳು. ಅನಂತರಾಜು ಬಕೆಟ್ಟಿಗೆ ಚೊಂಬು ಹಾಕಿದ. ತಳ ಬಡಿದ ಸದ್ದು ಮಾತ್ರ ಬಂತು. ಒಂದು ಕ್ಷಣ ನಿಂತ. ಆಮೇಲೆ ಖಾಲಿ ಚೊಂಬನ್ನು ಬಗ್ಗಿಸಿ ಬಗ್ಗಿಸಿ ಸುರಿಯುತ್ತಾ, "ಎಡಕ್ಕೆ, ಇಂದು, ಎಡಕ್ಕೆ" ಎನ್ನುತ್ತಾ, ಒಣಗಿದ ಕಲ್ಲಿನ ಮೇಲೆ ಅವಳ ಮುಂದೆ ಮುಂದೆ ನಡೆದ.