ವಾರ್ಡಿನಲ್ಲಿ ಸೂಗಪ್ಪನ ಜಾಗಟೆ

ಮತ್ತೆ ಆ ಬೆರಳು — ಹಾಸಿಗೆಯ ಹಸಿರು ಬಟ್ಟೆಯ ಮೇಲೆ ಅವ್ವನ ತೋರುಬೆರಳು ಒಂದು ಸಲ ಬಿತ್ತು, ಇನ್ನೊಂದು ಸಲ ಬಿತ್ತು, ಆಮೇಲೆ ಮೇಲೆದ್ದು ಹಾಗೇ ನಿಂತಿತು, ನೊಣ ಓಡಿಸುತ್ತಿದ್ದಾಳೇನೋ ಅಂದುಕೊಂಡ ಶಿವಕಾಂತ, ಆದರೆ ಸಿಂಧನೂರಿನ ಈ ಹೊಸ ಆಸ್ಪತ್ರೆಯಲ್ಲಿ ನೊಣವೂ ಚೀಟಿ ಮಾಡಿಸಿಕೊಂಡೇ ಒಳಗೆ ಬರಬೇಕು, ಎಲ್ಲ ಅಷ್ಟು ಚೊಕ್ಕ, ಫಿನಾಯಿಲು, ಬಿಳಿ ಟೈಲ್ಸು, ಛಾವಣಿಯಲ್ಲಿ ದುಂಡನೆಯ ಸ್ಪೀಕರು, ಸ್ಪೀಕರಿನೊಳಗೆ ಅವನದೇ ಸಂಗೀತ, ಕೀಬೋರ್ಡಿನ ಉದ್ದುದ್ದ ಸ್ವರ, ಅದರ ಮೇಲೆ ಬಿದಿರ ಕೊಳಲು, ಆಫ್ರಿಕಾದ ಕಲಿಂಬಾ ಹನಿಹನಿಯಾಗಿ, ಅಡಿಯಲ್ಲಿ ಕಂಚಿನ ಗುಂಯ್ — ಬೆರಳು ಈಗ ಬಿತ್ತು, ಸರಿಯಾಗಿ ಕಂಚಿನ ಮೂರನೆಯ ಪೆಟ್ಟಿಗೇ ಬಿತ್ತು, ಅರೆ, ಅವ್ವ ತಾಳ ಹಾಕುತ್ತಿದ್ದಾಳೆ, ನನ್ನ ಸಂಗೀತಕ್ಕೆ, ಅದೇನ್ ಟುಂಯ್ ಟುಂಯ್ ಅಂತ ಬಾರಿಸ್ತೀಯಪಾ, ಒಂದು ಪದಾ ಇಲ್ಲ ಏನಿಲ್ಲ ಎಂದು ಆರು ವರ್ಷ ಮೂಗು ಮುರಿದವಳು! ಎದೆ ಉಬ್ಬಿತು, ನಾಚಿಕೆಯಿಲ್ಲದೆ ಉಬ್ಬಿತು, ಉಬ್ಬಿದ್ದು ಇನ್ನೂ ಇಳಿದಿರಲಿಲ್ಲ, ಅವಳು ಆಕ್ಸಿಜನ್ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು ಕೇಳಿದಳು, ಯಾರ್ ಹೋದ್ರಪಾ ಶಿವಾ? ಯಾರೂ ಹೋಗಿಲ್ಲವ್ವ, ಮಾಸ್ಕ್ ಹಾಕ್ಕೋ. ಮತ್ತ ಸೂಗಪ್ಪ ಯಾಕ ಬಂದಾನ, ಅದು ಸೂಗಪ್ಪನ ಜಾಂಗಟಿ, ಅಂಚು ಸೀಳೈತಿ, ಝಿರ್ ಅಂತೈತಿ ನೋಡು, ನಿಮ್ಮಪ್ಪನ್ನ ಮಣ್ಣಿಗೆ ಒಯ್ಯಾಗ ಮುಂದ ಮಸ್ಕಿ ತುಂಬ ಇದನ್ನ ಬಾರಿಸ್ಕೋತ ಹೋಗಿದ್ದ, ನನಗ ಗೊತ್ತಾಗಂಗಿಲ್ಲೇನು. ಶಿವಕಾಂತ ಕೈಯಲ್ಲಿದ್ದ ಎಳನೀರಿನ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತ.

ಯಾರಿಗೂ ಗೊತ್ತಾಗುವುದಿಲ್ಲ ಎಂದೇ ಅಂದುಕೊಂಡಿದ್ದ, ಹೋದ ವರ್ಷ, ಭತ್ತದ ಕೊಯ್ಲಿನ ದಿನಗಳು, ಈ ಸಂಗೀತಕ್ಕೆಂದು ಟಿಬೆಟ್ಟಿನ ಕಂಚಿನ ಬಟ್ಟಲು ತರಿಸಿ ಬಾರಿಸಿ ನೋಡಿದ್ದ, ತೆಳು ಧ್ವನಿ, ಪಾಯಸದ ಬಟ್ಟಲಿಗೆ ಚಮಚ ತಾಗಿದ ಹಾಗೆ, ಅವನಿಗೆ ಬೇಕಾದದ್ದು ನೆಲದಡಿಯಿಂದ ಬರುವಂಥದ್ದು, ಆಗ ನೆನಪಾದವನು ಸೂಗಪ್ಪ, ಮಸ್ಕಿಯಲ್ಲಿ ಯಾರ ಮನೆಯಿಂದ ಹೆಣ ಎದ್ದರೂ ಮುಂದೆ ಜಾಗಟೆ ಹಿಡಿದು ನಡೆಯುವ ಸೂಗಪ್ಪ — ಗುಡಿಯ ಜಾಗಟೆ ಮಂಗಳಾರತಿಗೆ ಗಡಿಬಿಡಿಯಲ್ಲಿ ಬಡಿದುಕೊಳ್ಳುತ್ತದೆ, ಅವನದು ಹಾಗಲ್ಲ, ಎರಡು ಪೆಟ್ಟು, ತಡೆ, ಆಮೇಲೆ ಒಂದು, ಆ ತಡೆಯಲ್ಲಿ ಹೊತ್ತವರು ಹೆಗಲು ಬದಲಿಸಬೇಕು. ಒಯ್ಯಪಾ, ಎಂದಿದ್ದ ಸೂಗಪ್ಪ, ಗೋಡೆಗೆ ಮುಖ ಮಾಡಿ ತೂಗುಹಾಕಿದ್ದ ಜಾಗಟೆಯನ್ನು ಇಳಿಸಿ ಕೊಡುತ್ತ, ಆದ್ರ ಮನಿಯಾಗ ಬಾರಿಸಬ್ಯಾಡ, ಹೆಣ ಇಲ್ಲದ ಮನಿಯಾಗ ಬಾರಿಸಿದ್ರ ಅದು ಒಬ್ರನ್ನ ಕರೀತೈತಿ, ಹೊಲದಾಗ ಬಾರಿಸ್ಕೋ, ಮುಗದ ಮ್ಯಾಲ ಗ್ವಾಡಿಗಿ ಮುಖ ಮಾಡಿ ಇಡು. ಆಯ್ತು ಮಾಮಾ ಎಂದ ಇವನು, ಆಯ್ತು ಅನ್ನುವುದಕ್ಕೇನು, ಹೊಲದಲ್ಲಿ ಟ್ರ್ಯಾಕ್ಟರು, ಕಾಲುವೆಯ ನೀರು, ಕೊಯ್ಯುವ ಮಿಷಿನ್ನು, ಮೈಕು ಅದನ್ನೆಲ್ಲ ಹೀರಿಬಿಡುತ್ತದೆ, ಅದಕ್ಕೇ ಅವ್ವನನ್ನು ತುರ್ವಿಹಾಳಕ್ಕೆ ಅಕ್ಕ ಶಿವಕುಮಾರಿಯ ಮನೆಗೆ ಬಸ್ಸು ಹತ್ತಿಸಿ, ಸದ್ದು ಗೋಡೆಗೆ ಬಡಿದು ಮರಳದಿರಲೆಂದು ಅವಳೇ ಹೊಲಿದ ಕೌದಿಗಳನ್ನು ನಾಲ್ಕು ಗೋಡೆಗೂ ಮೊಳೆ ಹೊಡೆದು ಇಳಿಬಿಟ್ಟು, ಹಗಲು ಹನ್ನೊಂದಕ್ಕೆ, ಮನೆಯೊಳಗೇ ಬಾರಿಸಿದ, ಎರಡು, ತಡೆ, ಒಂದು, ಬೇರೆ ಯಾವ ತಾಳವೂ ಕೈಗೆ ಬರಲಿಲ್ಲ, ಜಾಗಟೆ ಹಿಡಿದ ಕೂಡಲೇ ಅಪ್ಪನ ಹಿಂದೆ ನಡೆದ ಕಾಲುಗಳ ತಾಳವೇ ಬಂತು, ಬರಲಿ ಎಂದು ಬಿಟ್ಟ, ಕಂಪ್ಯೂಟರಿನಲ್ಲಿ ಆ ತಡೆಯನ್ನು ನಾಲ್ಕು ಪಟ್ಟು ಎಳೆದ, ಸೀಳಿನ ಝಿರ್ ಅನ್ನು ಅಳಿಸಬಹುದಿತ್ತು, ಬೆಚ್ಚಗಿದೆ ಎಂದು ಉಳಿಸಿಕೊಂಡ. ಇಂಟರ್ನೆಟ್ಟಿಗೆ ಏರಿಸಿದ ಮೇಲೆ ನಾರ್ವೆಯವಳೊಬ್ಬಳು ಬರೆದಳು, ಆ ಖಾಲಿ ಜಾಗದಲ್ಲೇ ನನಗೆ ನಿದ್ದೆ ಹತ್ತುತ್ತದೆ ಎಂದು, ಎಲ್ಲೆಲ್ಲಿಯವರೋ ಹೂವು, ದೀಪ, ಕೈಮುಗಿದ ಚಿತ್ರ ಕಳಿಸಿದರು, ಈ ಆಸ್ಪತ್ರೆಯ ಡಾಕ್ಟರು ಕೇಳಿ ಕೈ ಕುಲುಕಿದರು, ನಮ್ಮ ವಾರ್ಡಿಗೂ ಹಾಕೋಣ, ಪೇಷಂಟುಗಳಿಗೆ ಸಮಾಧಾನ ಇರುತ್ತದೆ. ಡಾಕ್ಟರು ಮೈಸೂರಿನ ಕಡೆಯವರು, ಅವರಿಗೆ ಮಸ್ಕಿಯ ತಾಳ ಎಲ್ಲಿಂದ ತಿಳಿಯಬೇಕು, ತಿಳಿದಿದ್ದವನು ಇವನೊಬ್ಬನೇ.

ಮಾಸ್ಕ್ ಹಾಕ್ಕೋ ಅವ್ವ, ನಿನ್ನ ಕಾಲಿಗಿ ಬೀಳ್ತೀನಿ — ಶ್ವಾಸಕೋಶ ಇನ್ನೂ ತಿಳಿಯಾಗಿಲ್ಲ, ಇನ್ನೆರಡು ದಿನ ಮಾಸ್ಕ್ ಕದಲಬಾರದು, ಆಮೇಲೆ ನಡೆದುಕೊಂಡೇ ಮನೆಗೆ ಹೋಗುತ್ತಾರೆ ಎಂದಿದ್ದರಲ್ಲ ಡಾಕ್ಟರು, ಇವತ್ತು ಬೆಳಿಗ್ಗೆ ತಾನೇ ತೀವ್ರ ನಿಗಾದಿಂದ ಈ ವಾರ್ಡಿಗೆ ತಂದಿದ್ದಾರೆ, ತರುವಾಗ ನಕ್ಕಿದ್ದಳು, ಮಂಡಕ್ಕಿ ಒಗ್ಗರಣಿ ತಿನಬೇಕನಸ್ತೈತಿ ಅಂದಿದ್ದಳು, ಈಗ ಮಾಸ್ಕ್ ಏರಿಸಿದರೆ ತಲೆ ಹೊರಳಿಸುತ್ತಾಳೆ, ಯಂತ್ರದ ಮೇಲೆ ಆಕ್ಸಿಜನ್ ಅಂಕಿ ತೊಂಬತ್ತೊಂದು, ಎಂಬತ್ತೆಂಟು, ಬೆರಳು ಬಿತ್ತು, ಬಿತ್ತು, ನಿಂತಿತು. ಸಿಸ್ಟರ್, ಈ ಹಾಡು ಬಂದ್ ಮಾಡ್ರಿ ಮೊದಲ. ನರ್ಸ್ ಮಾಬುಬೀ ಓಡಿ ಬಂದಳು, ಸ್ವಿಚ್ಚು ಸಾಹೇಬ್ರ ರೂಮಿನಾಗ ಐತ್ರೀ, ಬೀಗ ಹಾಕ್ಯಾರ, ಲಿಂಗಸೂಗೂರಿಗೆ ಹೋಗ್ಯಾರ, ಸಂಜಿ ಮುಂದ ಬರ್ತಾರ, ಅಲ್ಲರೀ ಅಣ್ಣಾರ, ಏನೈತ್ರೀ ಇದರಾಗ, ಮುಂಜಾನಿ ಇದನ್ನ ಹಚ್ಚಿದಾಗಿಂದ ಎಲ್ಲಾರೂ ಮನಿಗಿ ಕಳಸ್ರೀ ಮನಿಗಿ ಕಳಸ್ರೀ ಅನ್ನಾಕತ್ತಾರ, ಆ ಬಳಗಾನೂರು ಅಜ್ಜಿ ಸಲೈನ್ ಕಿತ್ಕೊಂಡು ಎದ್ದು ಹೋತು. ಎದುರಿನ ಮಂಚ ಖಾಲಿ, ದಿಂಬಿನಲ್ಲಿ ತಲೆಯ ಗುರುತು ಇನ್ನೂ ಇದೆ. ಸ್ಟೂಲ್ ಹತ್ತಿದ, ಸ್ಪೀಕರಿನ ಜಾಲರಿ ಕಿತ್ತ, ವೈರು ಎಳೆದ, ಉಗುರು ಸೀಳಿ ರಕ್ತ ಬಂತು, ಬರಲಿ, ಹಾಳಾದ್ದು, ಮುಚ್ಚು ಬಾಯಿ, ಮುಚ್ಚಿತು — ಆದರೆ ಹೊರಗಿನ ಹಾದಿಯಲ್ಲಿ ಇನ್ನೊಂದು ಸ್ಪೀಕರು, ಅದರಾಚೆ ಮತ್ತೊಂದು, ದೂರವಾದಷ್ಟೂ ಅದು ನಿಜದ ಜಾಗಟೆಯಂತೆ, ಓಣಿಯ ತುದಿಯಿಂದ ಬರುತ್ತಿರುವಂತೆ ಕೇಳುತ್ತಿದೆ.

ಹೇಳಿಬಿಡಬೇಕು, ಹೇಳಿದರೆ ಮಾಸ್ಕ್ ಹಾಕಿಕೊಂಡಾಳು, ಮಂಚದ ಪಕ್ಕ ಮಂಡಿಯೂರಿದ, ಅವ್ವ, ಕೇಳಿಲ್ಲಿ, ಯಾರೂ ಸತ್ತಿಲ್ಲ, ಅದು ನಾನ ಬಾರಿಸಿದ್ದು, ಸೂಗಪ್ಪ ಮಾಮಾನ ಕಡಿಂದ ಇಸ್ಕೊಂಡು ನನ್ನ ಹಾಡಿಗೆ ಹಾಕೀನಿ, ಅಷ್ಟ. ಅವ್ವ ಕಣ್ಣು ತೆರೆದು ನೋಡಿದಳು, ಎಲ್ಲಿ ಬಾರಿಸಿದಿ? ಹೊಲದಾಗವ್ವ. ಅಂದ, ಬಾಯಿ ತೊದಲದೆ ಅಂದ, ದೇವರೇ, ಅವ್ವ ನಂಬಲಿ, ಈ ಒಂದು ಸುಳ್ಳನ್ನು ನಂಬಲಿ, ಇನ್ನು ಮುಂದೆ ಕೀಬೋರ್ಡು ಮುಟ್ಟುವುದಿಲ್ಲ, ಅಂಕಿ ಎಂಬತ್ತನಾಲ್ಕು. ಅವಳ ಕೈ ಬಂದು ಅವನ ತಲೆಯ ಮೇಲೆ ಕೂತಿತು, ಚಿಕ್ಕಂದಿನಲ್ಲಿ ಹೇನು ಹುಡುಕುವಾಗಿನ ಹಾಗೆ, ಕೌದಿಗಿ ಮೊಳಿ ತೂತು ಬಿದ್ದಾವ ಶಿವಾ, ನಾ ತುರ್ವಿಹಾಳದಿಂದ ಬಂದಾಗ ನೋಡೀನಿ, ಇಲಿ ಕಡದೈತಿ ಅಂದ್ಕೊಂಡಿದ್ದೆ. ಉಸಿರು ಸಾಲದೆ ನಿಲ್ಲಿಸಿದಳು, ಮತ್ತೆ ಅಂದಳು, ಇರ್ಲಿ ಬಿಡು, ಕರದಾಂವ ನೀನ ಅಂದಮ್ಯಾಲ ಹೋಗಾಕ ಏನಾತು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಬದುಕುತ್ತಿದ್ದನೇನೋ, ಅವ್ವಾ ಎಂದು ಕೂಗಿದ, ಮಾಬುಬೀ ಇನ್ನಾರನ್ನೋ ಕೂಗುತ್ತ ಓಡಿದಳು, ಮಾಸ್ಕ್ ಅವನ ಕೈಯಲ್ಲೇ ಇದೆ, ಒಳಗೆ ಬರೀ ಗಾಳಿ ಸುಸ್ ಎನ್ನುತ್ತಿದೆ, ಅವ್ವ ನಿಧಾನವಾಗಿ ಗೋಡೆಗೆ ಮುಖ ಮಾಡಿ ಹೊರಳಿದಳು, ಹೊರಗೆ ಕಂಚು ಒಂದು ಸಲ, ಬೆರಳು ಬಿತ್ತು, ಇನ್ನೊಂದು ಸಲ, ಬಿತ್ತು, ಆಮೇಲೆ ಬೆರಳು ಮೇಲೆದ್ದು ನಿಂತಿತು, ಈ ತಡೆಯನ್ನು ಎಳೆದವನು ಅವನೇ, ನಾಲ್ಕು ಪಟ್ಟು, ಸಾಲದು, ಇನ್ನೂ ಎಳೆಯಬೇಕಿತ್ತು, ಎಂಟು ಪಟ್ಟು, ನೂರು ಪಟ್ಟು, ಬೀಳಬೇಡ, ಬೆರಳು ಮೇಲೆಯೇ ಇದೆ, ಬೆರಳು ಮೇಲೆಯೇ ಇದೆ, ಬೆರಳು