ಮಾವಶಿ ಒಪ್ಪುವಂಥ ಹವಳ

ಅರಿಹಂತನಿಗೆ ಬೇಕಾಗಿದ್ದದ್ದು ಒಂದು ಸಮುದ್ರ. ಅದೂ ಎಲ್ಲಿ, ಸಾಂಗಲಿಯಲ್ಲಿ, ಮೂರನೇ ಮಾಳಿಗೆಯ ಹೊಸ ಫ್ಲ್ಯಾಟಿನಲ್ಲಿ, ಸೋಫಾದ ಪಕ್ಕ. ಕುಪವಾಡದಲ್ಲಿ ಅವನ ಪಂಪಿನ ಬಿಡಿಭಾಗದ ಕಾರ್ಖಾನೆ ಈಗ ಮೂರು ಪಾಳಿಯಲ್ಲಿ ನಡೆಯುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡಿದರೆ ಇಂಥ ಹುಚ್ಚೂ ಹಿಡಿಯುತ್ತದೆ. ಪುಣೆಯ ಗಿರಾಕಿಯ ಆಫೀಸಿನಲ್ಲಿ ಹವಳ ತುಂಬಿದ ಗಾಜಿನ ತೊಟ್ಟಿ ನೋಡಿಬಂದು ತಾನೂ ಒಂದು ತರಿಸಿದ. ಉಪ್ಪುನೀರು ಹದಕ್ಕೆ ಬರಲೆಂದು ಒಂದೂವರೆ ತಿಂಗಳು ಬರೀ ನೀರು ನೋಡುತ್ತ ಕುಳಿತದ್ದೂ ಆಯಿತು. ಇನ್ನು ಹವಳ ತರುವುದೊಂದೇ ಬಾಕಿ.

ಆದರೆ ರವಿವಾರ ಬುಧಗಾಂವದಿಂದ ತ್ರಿಶಲಾ ಮಾವಶಿ ಬರುವವಳಿದ್ದಳು. ತಾಯಿಯ ತಂಗಿ, ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ಆಟದ ನಡುವೆ ಕಿವಿ ಹಿಡಿದು ಎಳೆದುತಂದು, ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಉಣಿಸಿದವಳು. ತೊಟ್ಟಿಯ ಸುದ್ದಿ ಕೇಳಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಜೀವಕ್ಕ ಜೀವಾ ತಿನಸೋ ಮನ್ಯಾಗ ನಾ ನೀರ ಸೈತ ಕುಡಿಯೂದಿಲ್ಲಪಾ." ಮಾವಶಿ ಉಣ್ಣದೆ ಹೋದರೆ ಹೊಸ ಮನೆ ಮಾಡಿ ಏನು ಸುಖ?

ಅವನಿಗಿದ್ದ ಧೈರ್ಯವೆಂದರೆ, ಹವಳ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು. ಕಲ್ಲು ಏನು ತಿಂದೀತು?

ಮಿರಜಿನ ಅಕ್ವೇರಿಯಂ ಅಂಗಡಿಯ ಜ್ಯೋತೆಪ್ಪ ಆ ಧೈರ್ಯವನ್ನು ಎರಡೇ ನಿಮಿಷದಲ್ಲಿ ಮುಗಿಸಿದ. "ಕಲ್ಲಲ್ರಿ ಶೇಟ್ರ, ಪ್ರಾಣಿ."

"ಗಿಡಧಾಂಗ ಕಾಣ್ತೈತಲ್ರಿ ಕಾಕಾ?"

"ಗಿಡಧಾಂಗ ಟೊಂಗಿ ಬಿಡ್ತೈತಿ, ಕಲ್ಲಿನ ಮನಿ ಕಟ್ಟತೈತಿ. ಬಾಯಿನೂ ಐತಿ."

ಅರಿಹಂತನ ತಲೆ ಮೊಸರುಗಡಿಗೆಯಾಯಿತು. ಹೂವಿನಂತೆ ಅರಳಿದ್ದ ಕಿತ್ತಳೆ ಬಣ್ಣದ್ದೊಂದರ ಮೇಲೆ ಅವನ ಕಣ್ಣು ಬಿದ್ದಿತ್ತು. "ಅದಕ್ಕ ಬಾಯಿಬಾಯಿಗೆ ಸಿಗಡಿ ತುಣಕಾ ತಿನಸಬೇಕ್ರಿ," ಎಂದ ಜ್ಯೋತೆಪ್ಪ. ಅರಿಹಂತ ಚಾಚಿದ ಕೈ ಹಿಂದೆಗೆದ. ನೀಲಿ ಟೊಂಗೆಯದನ್ನು ತೋರಿಸಿದರೆ, "ಹೊಸಬರ ಕೈಯಾಗ ಅದು ಎಂಟ ದಿನಾ ಬಾಳೂದಿಲ್ಲ." ಉಣಿಸಿದರೆ ಪಾಪ, ಸತ್ತರೂ ಪಾಪ. ಅತ್ತ ದರಿ, ಇತ್ತ ಪುಲಿ.

"ಏನೂ ತಿನ್ನಲಾರದ್ದು ಯಾವದರೆ ಐತೇನ್ರಿ?"

ಜ್ಯೋತೆಪ್ಪ ಕುರಿ ಸಾಕುವ ಮನೆತನದವನು, ಮೇವಿನ ಲೆಕ್ಕ ಬಲ್ಲವನು. ನಕ್ಕು, ಮೂಲೆಯಲ್ಲಿದ್ದ ಕಂದು ಬಣ್ಣದ, ಅಣಬೆಯಂಥ ಮೆತ್ತನೆಯ ಹವಳ ತೋರಿಸಿದ. "ಇದರ ಮೈಯಾಗ ಕಣ್ಣಿಗೆ ಕಾಣಲಾರದ ಪಾಚಿ ಐತ್ರಿ. ಬೆಳಕಿನ ಮ್ಯಾಲ ಪಾಚಿ ಅಡಗಿ ಮಾಡ್ತೈತಿ, ಇದು ಕುಂತ ಉಣ್ತೈತಿ. ನೀವ ಬರೇ ಲೈಟ್ ಹಚ್ರಿ."

ನೋಡಲು ಚೆಂದವೇನಲ್ಲ. ಅಣಬೆ ಜೈನರ ಅಡುಗೆಮನೆಗೆ ನಿಷಿದ್ಧ ಬೇರೆ. ಅರಿಹಂತ ಅರ್ಧ ತಿಳಿದು, ಅರ್ಧ ತಿಳಿಯದೆ ಮೂರು ತಂದ.

ರವಿವಾರ ಮಾವಶಿ ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ನಿಂತಳು. "ಇದೇನ ತಿಂತೈತಿ?"

"ಬೆಳಕ, ಮಾವಶಿ." ಜ್ಯೋತೆಪ್ಪನ ಮಾತನ್ನು ತೊದಲುತ್ತ ಒಪ್ಪಿಸಿದ.

"ಎಷ್ಟ ಇಂದ್ರಿಯ ಇದಕ್ಕ?" ಮಾವಶಿಯ ಲೆಕ್ಕದಲ್ಲಿ ಜೀವಕ್ಕೆ ಇಂದ್ರಿಯ ಹೆಚ್ಚಿದಷ್ಟೂ ಅದನ್ನು ನೋಯಿಸಿದ ಪಾಪ ಹೆಚ್ಚು.

ಅರಿಹಂತ ಹೆಂಡತಿ ಸಾಯಲಿಯ ಮುಖ ನೋಡಿದ. "ಗೊತ್ತಿಲ್ಲ ಮಾವಶಿ," ಎಂದ. "ಖರೇನ ಗೊತ್ತಿಲ್ಲ. ಯಾವ ಜೀವಾನೂ ಇದಕ್ಕ ಹಾಕೂದಿಲ್ಲ, ಅಷ್ಟ ಗೊತ್ತು."

ಮಾವಶಿ ಬಗ್ಗಿ ತೊಟ್ಟಿಯ ಮೂಲೆಮೂಲೆ ನೋಡಿದಳು. ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕುಳಿತಳು. ಎರಡು ಭಾಕರಿ, ಹೆಸರುಕಾಳಿನ ಪಲ್ಯ, ಮೇಲೆ ಮಜ್ಜಿಗೆ. ಅರಿಹಂತನಿಗೆ ಕಣ್ಣು ತುಂಬಿಬಂತು.

ಹೊತ್ತು ಮುಳುಗಿತು. ಬಸ್ಸಿಗೆಂದು ಚೀಲ ಹಿಡಿದ ಮಾವಶಿ ಬಾಗಿಲಲ್ಲಿ ತಿರುಗಿ ನೋಡಿದಳು. ತೊಟ್ಟಿಯ ದೀಪ ಝಗಝಗ ಉರಿಯುತ್ತಿತ್ತು.

"ಇದಿನ್ನೂ ಉಣ್ಣಾಕತ್ತೈತೇನ?"

"ಮಂದಿ ನೋಡಾಕ ಬರ್ತಾರ ಮಾವಶಿ. ಹತ್ತರ ತನಕಾ ಹಚ್ಚಿರ್ತೇನಿ."

"ನಮ್ಮ ಮನ್ಯಾಗಿದ್ದು ರಾತ್ರಿ ಊಟಾ?" ಮಾವಶಿ ಹೋಗಿ ತಾನೇ ಗುಂಡಿ ಒತ್ತಿ ದೀಪ ಆರಿಸಿದಳು. ತೊಟ್ಟಿ ಕತ್ತಲಾಯಿತು. ಅವಳು ಚೀಲವನ್ನು ಮತ್ತೆ ಸೋಫಾದ ಮೇಲಿಟ್ಟಳು.

"ಸಾಯಲಿ, ಹಾಸಿಗಿ ಹಾಕವಾ. ಎಂಟ ದಿನಾ ಇದ್ದ ಹೋಗ್ತೇನಿ. ಹೊತ್ತಿಗೆ ಸರಿಯಾಗಿ ಉಣಸೂದು ಇಂವಗೇನ ತಿಳೀತೈತಿ."