ಬೀರಪ್ಪನ ತಾಟಿನ ಮುಳ್ಳು

ಪಾಂಡಪ್ಪನ ಬಲಗೈ ಹೆಬ್ಬೆರಳನ್ನು ಜಜ್ಜಿದ್ದು ಬೀರಪ್ಪನ ಗುಡಿಯ ಹೊಸ್ತಿಲ ಮೇಲೆ, ಹಾಡಹಗಲೇ, ಊರೆಲ್ಲ ನೋಡುತ್ತಿದ್ದಾಗ. ಕಲ್ಲೆತ್ತಿದವನು ಊರ ಸಾಹುಕಾರ ಹುಲೆಪ್ಪ. ಕೈಕಾಲು ಒತ್ತಿ ಹಿಡಿದವರು ಅವನ ಆಳುಗಳು. ಉಳಿದವರು ದೇವರ ಕೆಲಸ ಎಂದು ಕೈಮುಗಿದು ನಿಂತಿದ್ದರು. ಗುಡಿಗೆ ಬಿಟ್ಟ ಟಗರನ್ನು ಕದ್ದು ಕೊಯ್ದುಕೊಂಡು ತಿಂದಿದ್ದಾನೆ ಎಂಬುದು ಪಾಂಡಪ್ಪನ ಮೇಲಿದ್ದ ಅಪವಾದ. ಅವನು ಇಲ್ಲ ಎಂದ, ತಾಟು ಹೌದು ಎಂದಿತು. ಮನುಷ್ಯನ ಮಾತಿಗೂ ಹಿತ್ತಾಳೆಯ ಮಾತಿಗೂ ಜಗಳ ಬಂದರೆ ನಮ್ಮೂರು ಯಾವತ್ತೂ ಹಿತ್ತಾಳೆಯ ಕಡೆ.

ನಮ್ಮೂರೆಂದರೆ ಅನಗವಾಡಿಯಿಂದ ಹೊಳೆಗುಂಟ ಹೋದರೆ ಸಿಗುವ ಕುರಿ ಕಾಯುವವರ ಸಣ್ಣ ಊರು. ಈಗ ಕುರಿಗಿಂತ ಕಬ್ಬು ಹೆಚ್ಚು. ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಡಾಡುತ್ತವೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಕಳವು, ಹಾದರ, ಹೊಡೆದಾಟ ಬಂತೆಂದರೆ ಪೊಲೀಸರ ತನಕ ಯಾಕೆ ಎಂದು ಗುಡಿಗೇ ಹೋಗುತ್ತಾರೆ. ಪೂಜಾರಿ ಮುದಕಪ್ಪನ ಮನೆಗೆ ಗೋಡೆ ಹಚ್ಚಿದ ಮನೆ ನಮ್ಮದು. ಅವರು ಉಸಿರಾಡಿದರೂ ನನಗೆ ಕೇಳಿಸುತ್ತದೆ, ಹಾಗಾಗಿ ಈ ಕತೆಯನ್ನು ನಾನೇ ಹೇಳಬೇಕು.

ತಾಟು ಎಂದರೆ ಊಟದ ತಾಟಲ್ಲ. ಅಂಗೈ ಚಾಚಿದಷ್ಟು ಅಗಲದ ದಪ್ಪ ಹಿತ್ತಾಳೆ ಬಿಲ್ಲೆ, ತಲೆಗೆ ಒಂದು ಉಂಗುರ. ಮುಂದುಗಡೆ ಬಳ್ಳಿಯಂತೆ ಕೊರೆದ ಜಾಲರಿ, ಅದಕ್ಕೆ ಚೂಪು ಚೂಪು ಎಲೆಗಳು. ಒಳಗೆ ಗೀರುಗಳು ತುಂಬಿದ ತೆಳು ತಗಡುಗಳು. ಬೆನ್ನಿಗೆ ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಉದ್ದನೆಯ ಮುಳ್ಳು. ಅದರ ಒಂದು ತುದಿ ಯಾವ ಕಾಲದಲ್ಲೋ ಮುರಿದಿದೆ. ಇಷ್ಟನ್ನೂ ನಡುವೆ ಒಂದು ಗೂಟ ಹಿಡಿದಿದೆ. ಗೂಟದ ಸೀಳಿಗೆ ಕುದುರೆ ಮುಖದ ಪುಟ್ಟ ಬೆಣೆ ತುರುಕಿದರೆ ಎಲ್ಲ ಬಿಗಿ, ಕಿತ್ತರೆ ಎಲ್ಲ ಬಿಡಿ. ಬೀರಪ್ಪ ಆಕಾಶದಿಂದ ಇಳಿದಾಗ ಏರಿ ಬಂದ ಕುದುರೆ ಅದೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಆಣೆಯ ದಿನ ಮುದಕಪ್ಪ ಕುದುರೆ ಕಿತ್ತು ತಾಟನ್ನು ಬಿಚ್ಚುತ್ತಾನೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆಯುತ್ತಾನೆ. ಹಾಗೆ ತಿಕ್ಕೀ ತಿಕ್ಕೀ ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿ ಹೋಗಿವೆ. ಮತ್ತೆ ಜೋಡಿಸಿ, ತುಪ್ಪ ಸವರಿ, ಕುದುರೆಯನ್ನು ಹೆಬ್ಬೆರಳಿನಿಂದ ಒತ್ತಿ, ಮುಳ್ಳನ್ನು ಅಡ್ಡ ಮಲಗಿಸುತ್ತಾನೆ. ಅಪವಾದ ಹೊತ್ತವನು ಉಂಗುರವನ್ನು ಬಲಗೈ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತಾಟನ್ನು ತೂಗುಬಿಟ್ಟು, 'ನಾ ಮಾಡಿಲ್ಲ' ಎನ್ನಬೇಕು. ಮುಳ್ಳು ಅಡ್ಡವೇ ನಿಂತರೆ ಅವನು ಸಾಚಾ. ಜಾರಿ ಕೆಳಗೆ ಬಿದ್ದರೆ ಸುಳ್ಳ, ಉಂಗುರ ಹಿಡಿದ ಹೆಬ್ಬೆರಳು ಹೊಸ್ತಿಲಿಗೆ. ಇದು ನಮ್ಮೂರಿನ ನ್ಯಾಯ.

ಈ ಸಲ ಹೆಬ್ಬೆರಳು ಮುದಕಪ್ಪನ ಸ್ವಂತ ಮಗನದು.

ಹುಲೆಪ್ಪನ ಹತ್ತಿರ ಒಂದು ಮುಧೋಳ ನಾಯಿ ಇತ್ತು. ಹೆಂಡತಿಗಿಂತ ಅದರ ಮೇಲೆ ಅವನಿಗೆ ಜೀವ, ಅವಳೇ ಹೇಳುತ್ತಿದ್ದಳು. ಆ ನಾಯಿ ಮುದಕಪ್ಪನ ಮಗ ಗುರುಪಾದನ ಕುರಿಮರಿಗಳನ್ನು ಅಟ್ಟಾಡಿಸಿ ಕೊಂದಿತು, ಒಂದನ್ನೂ ತಿನ್ನಲಿಲ್ಲ, ಬರೀ ಕುತ್ತಿಗೆ ಸೀಳಿ ಬಿಟ್ಟಿತು. ಗುರುಪಾದ ಸತ್ತ ಮರಿಗಳನ್ನು ಒಯ್ದು ಹುಲೆಪ್ಪನ ಕಟ್ಟೆಯ ಮೇಲೆ ಒಗೆದು ಬಾಯಿಗೆ ಬಂದಂತೆ ಬೈದ. ಆಮೇಲೆ ಒಂದು ಬೆಳಿಗ್ಗೆ ಕಬ್ಬಿನ ಸಾಲಿನಲ್ಲಿ ನಾಯಿ ಬಿದ್ದಿತ್ತು. ತಲೆ ಎನ್ನುವುದು ಇರಲೇ ಇಲ್ಲ, ಅಷ್ಟು ಜಜ್ಜಿದ್ದರು. ಹುಲೆಪ್ಪ ಅದನ್ನು ತಬ್ಬಿಕೊಂಡು ಅತ್ತ, ಎದ್ದು ನೆಟ್ಟಗೆ ಮುದಕಪ್ಪನ ಬಾಗಿಲಿಗೆ ಬಂದ.

"ಪೂಜೇರಿ, ರವಿವಾರ ತಾಟ ತಗೀ. ನಿನ್ನ ಮಗನ ಹೆಬ್ಬಟ್ಟಿನಾಗ ಸಿಗಸು. ಪಾಂಡ್ಯಾಗ ಒಂದು, ನಿನ್ನ ಮಗಗ ಒಂದು ಆಗಬಾರದು ನೋಡು."

ಗುರುಪಾದನ ಅಕ್ಕ ಅಂಜನಾ ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ವಿಜ್ಞಾನ. ಸುದ್ದಿ ಕೇಳಿ ಶನಿವಾರ ಮಧ್ಯಾಹ್ನವೇ ಬಂದಳು. ಬ್ಯಾಗು ಇಳಿಸುವ ಮೊದಲೇ ಶುರುವಾಯಿತು ಅಪ್ಪ–ಮಗಳ ಜಗಳ.

"ಅಪ್ಪಾ, ಹೈದರಾಬಾದಿನಾಗ ಇಂಥಾದ್ದ ತಾಟ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ನಾ ಕಣ್ಣಾರೆ ನೋಡಿ ಬಂದೇನಿ. ಇದು ಚುಕ್ಕಿ ಅಳಿಯೋ ಯಂತ್ರ. ಈ ಜಾಲರಿ ಎಲಿ ಅದಾವಲ್ಲ, ಒಂದೊಂದ ಎಲಿ ತುದಿ ಒಂದೊಂದ ಚುಕ್ಕಿ. ಈ ತಗಡು ಒಂದೊಂದ ಸೀಮಿಗೆ ಒಂದೊಂದು. ಯಾವ ಸೀಮ್ಯಾಗ ನಿಂತರ ಆಕಾಶ ಹೆಂಗ ಕಾಣತೈತಿ ಅಂತ ಗೀರು ಹಾಕ್ಯಾರ. ಹಿಂದಿನ ಮುಳ್ಳಿನಿಂದ ಸೂರ್ಯಾ ಎಷ್ಟ ಏರ್ಯಾನ ಅಂತ ಅಳದು ಹೊತ್ತು ಹೇಳತಿದ್ರು."

"ಯಾರ ಹೇಳತಿದ್ರು?"

"ಮೊದಲ ಗ್ರೀಕರು. ಆಮ್ಯಾಲ ಅರಬರು ತಿದ್ದಿ ಛಲೋ ಮಾಡಿದ್ರು, ನಮಾಜಿನ ಹೊತ್ತಿಗೆ ಬೇಕಾಗಿತ್ತು ಅವರಿಗೆ. ಸುಲ್ತಾನರ ಕಾಲಕ್ಕ ದಿಲ್ಲಿಗೆ ಬಂತು. ನಮ್ಮ ಪಂಡಿತರು ನೋಡಿ ಬೆರಗಾಗಿ ಯಂತ್ರರಾಜ ಅಂತ ಹೆಸರಿಟ್ಟು ಸಂಸ್ಕೃತದಾಗ ಬರಕೊಂಡ್ರು. ನಮ್ಮದು ವಿಜಾಪುರದ ಬಾದಶಹರ ಕಡಿಯಿಂದ ಬಂದಿರಬೇಕು. ಗಡಿಯಾರ, ದುರ್ಬೀನು ಬಂದಮ್ಯಾಲ ಯಾರಿಗೂ ಬ್ಯಾಡಾತು."

ಮುದಕಪ್ಪ ಬಿಡಲಿಲ್ಲ. "ಹೊತ್ತು ಹೇಳತಿತ್ತು ಅಂತಿ. ಹೊತ್ತು ಹೇಳೋದು ಖರೆ ಹೇಳೂದ ಅಲ್ಲೇನವ್ವಾ?"

ಅಂಜನಾಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳಿಗೆ ಅಪ್ಪ, ದೇವರು ಎಂಬ ಭೇದವಿಲ್ಲ. "ಮುಳ್ಳಿನ ಒಂದ ತುದಿ ಮುರದೈತಿ, ಇನ್ನೊಂದ ತುದಿ ಭಾರ. ಕುದುರಿ ಬಿಗಿ ಕುಂತ್ರ ನಿಲ್ಲತೈತಿ, ಸಡಲ ಕುಂತ್ರ ಬೀಳತೈತಿ. ಇಷ್ಟ ಇದರ ದೇವರು! ಬೇಕಂತ ಮಾಡ್ತಿ ಅನ್ನಂಗಿಲ್ಲ ನಾ. ನಿನ್ನ ಮನಸಿನ್ಯಾಗ ಇವ ಕಳ್ಳ ಅಂತ ಬಂದ್ರ ನಿನ್ನ ಬೆರಳು ಸಡಲ ಒತ್ತತೈತಿ, ನಿನಗ ಗೊತ್ತಾಗಂಗಿಲ್ಲ. ನಾಳೆ ಬಿಗಿ ಒತ್ತು. ತಮ್ಮನ ಕೈ ಉಳಸು."

ಕಪಾಳಕ್ಕೆ ಬಿದ್ದ ಏಟಿನ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಮಗಳನ್ನು ಯಾವತ್ತೂ ಹೊಡೆದವನಲ್ಲ ಮುದಕಪ್ಪ. ಆಮೇಲೆ ಅವನ ದನಿಯೇ ಒಡೆದು ಬಂತು.

"ಹಂಗಾದ್ರ ಪಾಂಡ್ಯಾನ ಕೈ ನಾನ ಮುರದಂಗಾತಲ್ಲೇ?"



ರವಿವಾರ ಬಿಸಿಲು ಏರುವ ಹೊತ್ತಿಗೆ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೊಬೈಲು ಎತ್ತಿ ಹಿಡಿದ ಕೈಗಳೇ ಕೈಗಳು. ಹುಲೆಪ್ಪ ಹೊಸ್ತಿಲ ಪಕ್ಕ ಕಲ್ಲು ತಂದು ಇಟ್ಟುಕೊಂಡೇ ಕೂತಿದ್ದ. ಮದುವೆಗೆ ಬಂದವರ ಗತ್ತು. ಪಾಂಡಪ್ಪ ಹೆಂಡತಿ ಯಲ್ಲಕ್ಕನ ಜೊತೆ ಕಂಬದ ಬಳಿ ನಿಂತಿದ್ದ. ಅವನ ಬಲಗೈ ಕಂಬಳಿಯೊಳಗೆ. ಅವನು ಈಗ ಆ ಕೈಯನ್ನು ಹೊರಗೆ ತೆಗೆಯುವುದಿಲ್ಲ.

ಮುದಕಪ್ಪ ತಾಟನ್ನು ಬಿಚ್ಚಿ ತಿಕ್ಕಿದ. ಅವನು ಮೋಸಗಾರನಲ್ಲ, ಅದೇ ಅವನ ಕರ್ಮ. ಮಗನೆಂದು ಬಿಗಿ ಒತ್ತಿದ ಎಂಬ ಮಾತು ಬರಬಾರದೆಂದು ಕುದುರೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿ ಕೈ ಬಿಟ್ಟ. ನಿನಗೆ ಬಿಟ್ಟದ್ದು ಬೀರಪ್ಪಾ ಎಂದು ಅವನ ಬಾಯಿ ಗುನುಗಿದ್ದನ್ನು ನಾನು ಕೇಳಿದೆ. ಅಂಜನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗುರುಪಾದ ತಾಟು ಎತ್ತಿ, "ನಾಯಿ ನಾ ಹೊಡದಿಲ್ಲ" ಎಂದ. ಡೊಳ್ಳಿಗೆ ಪೆಟ್ಟು ಬೀಳುವ ಮೊದಲೇ ಮುಳ್ಳು ಬಿತ್ತು.

ಭಂಡಾರದ ಅರಿಶಿಣ ಹಾರಿತು, ಜನ ಹೋ ಎಂದಿತು. ಹುಲೆಪ್ಪ ಗುರುಪಾದನ ಹೊಟ್ಟೆಗೆ ಒದ್ದ. ಬಿದ್ದವನ ಮುಖಕ್ಕೆ ಮೊಣಕಾಲು ಕೊಟ್ಟ. ಮೂಗಿನ ರಕ್ತ, ಅರಿಶಿಣ ಕೂಡಿ ಗಲ್ಲದ ತನಕ ಇಳಿಯಿತು. ಕೂದಲು ಹಿಡಿದು ಹೊಸ್ತಿಲಿಗೆ ಎಳೆದರು. ಒಬ್ಬ ಎದೆಯ ಮೇಲೆ ಕೂತ, ಒಬ್ಬ ಮುಂಗೈ ತುಳಿದು ನಿಂತ. ಗುರುಪಾದ ಕಚ್ಚಿದ, ಯಾರದೋ ಬೆರಳಿನ ಚರ್ಮ ಕಿತ್ತು ಬಂತು. ಹುಲೆಪ್ಪ ಕಲ್ಲು ಎತ್ತಿದ.

ಅಂಜನಾ ಜನರನ್ನು ಸೀಳಿಕೊಂಡು ಬಂದು ನೆಲಕ್ಕೆ ಬಿದ್ದ ತಾಟನ್ನು ಎತ್ತಿ ಹುಲೆಪ್ಪನ ಹಣೆಗೆ ಬೀಸಿ ಹೊಡೆದಳು. ಯಂತ್ರಗಳ ರಾಜ ಆ ದಿನ ಒಳ್ಳೆಯ ಕೆಲಸ ಮಾಡಿತು. ಹುಲೆಪ್ಪನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಸುರಿಯಿತು, ಕಲ್ಲು ಅವನ ಕಾಲ ಮೇಲೇ ಬಿತ್ತು. ದೇವರಿಂದ ಹೊಡೆಸಿಕೊಂಡವನನ್ನು ಎತ್ತಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ನೋಡ್ರೆಲ್ಲಾ!" ಅವಳು ಮುಳ್ಳನ್ನು ಮತ್ತೆ ಅಡ್ಡ ಮಲಗಿಸಿ ಕೂಗಿದಳು. "ಹುಲೆಪ್ಪಣ್ಣಾ, ಹಿಡೀರಿ ಇದನ್ನ. ನನ್ನ ಹೆಸರ ಹುಲೆಪ್ಪ ಅನ್ರಿ. ಅನ್ರಿ!"

ತಾಟು ಹಿಡಿಯುವುದಿಲ್ಲ ಎಂದರೆ ಊರು ಏನೆನ್ನುತ್ತದೆ? ಹುಲೆಪ್ಪ ಹಿಡಿದ. "ನನ್ನ ಹೆಸರ ಹುಲೆಪ್ಪ" ಎಂದ. ಮುಳ್ಳು ಜಾರಿ ಬಿತ್ತು.

ಅಂಜನಾ ಅದನ್ನು ಕಿತ್ತುಕೊಂಡು, ಮುಳ್ಳನ್ನು ಅಡ್ಡವಿಟ್ಟು, ಅದೇ ಕಲ್ಲಿನಿಂದ ಕುದುರೆಯ ತಲೆಗೆ ಒಂದು ಕುಟ್ಟಿದಳು. ತನ್ನ ಹೆಬ್ಬೆರಳಿಗೆ ತೂಗುಬಿಟ್ಟುಕೊಂಡು, "ನಾನ ಹುಲೆಪ್ಪ, ನನಗ ಗಿರಿಜಾ ಮೀಸಿ ಅದಾವು!" ಎಂದು ಅರಚಿದಳು. ಮುಳ್ಳು ಅಡ್ಡವೇ ನಿಂತಿತು. ಅಲ್ಲಾಡಿಸಿದಳು, ಆಗಲೂ ನಿಂತಿತು. "ಕುದುರಿ ಬಿಗಿ ಐತೋ ಸಡಲ ಐತೋ, ಅಷ್ಟ! ಇದಕ್ಕ ಚುಕ್ಕಿ ಗೊತ್ತು, ಸೂರ್ಯಾ ಗೊತ್ತು. ನಿಮ್ಮ ಕಳವು ಇದಕ್ಕೇನ ಗೊತ್ತು!"

ಹಿಂದಿನಿಂದ ಯಾರೋ ನಕ್ಕರು. ನಗು ಹಬ್ಬಿತು. ಗುರುಪಾದನ ಎದೆಯ ಮೇಲೆ ಕೂತಿದ್ದವನು ಎದ್ದ. ಗೆದ್ದೆ ಎಂದುಕೊಂಡಳು ಅಂಜನಾ. ಅವಳ ಮುಖದಲ್ಲಿ ಕಾಣುತ್ತಿತ್ತು. ಎಲ್ಲ ಗೊತ್ತಿದ್ದವಳಿಗೆ ಊರು ಗೊತ್ತಿರಲಿಲ್ಲ.

ಯಲ್ಲಕ್ಕ ಕಂಬದ ಬಳಿಯಿಂದ ಮುಂದೆ ಬಂದಳು. "ಹಂಗಾದ್ರ ನನ್ನ ಗಂಡನ ಕೈ?"

ನಗು ನಿಂತಿತು.

"ಯವ್ವಾ, ಕಲತಾಕಿ ನೀ, ಹೇಳು. ನನ್ನ ಗಂಡ ಕದ್ದಿರಲಿಲ್ಲ ಅಂದಂಗಾತು. ಕುದುರಿ ಸಡಲ ಒತ್ತಿದಾಂವ ಯಾರು?"

ಎಲ್ಲರೂ ಮುದಕಪ್ಪನ ಕಡೆ ತಿರುಗಿದರು. ಮೊದಲು ಒಂದು ಚಪ್ಪಲಿ ಬಂತು. ಆಮೇಲೆ ಯಾರು ಹೊಡೆದರು, ಯಾರು ಬಿಡಿಸಿದರು ಎಂದು ಲೆಕ್ಕ ಸಿಗಲಿಲ್ಲ. ವರ್ಷವಿಡೀ ಅವನ ಕಾಲಿಗೆ ಬಿದ್ದವರೇ ಅವನ ರುಮಾಲು ಕಿತ್ತರು, ಧೋತರ ಹರಿದರು, ಬೆನ್ನಿಗೆ ಬಡಿಗೆ ಇಳಿಸಿದರು. ಹುಲೆಪ್ಪ ಹುಬ್ಬು ಒತ್ತಿಕೊಂಡು ಪಕ್ಕಕ್ಕೆ ಸರಿದಿದ್ದ. ಕಲ್ಲೆತ್ತಿದ್ದ ಅವನನ್ನು ಯಾರೂ ಕೇಳಲಿಲ್ಲ. ಆ ನಾಚಿಕೆಗೆಟ್ಟವನ ಮುಖ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಅಪ್ಪಗ ಗೊತ್ತಿರಲಿಲ್ಲರೀ! ಅವಗ ಖರೇನ ಗೊತ್ತಿರಲಿಲ್ಲ!" ಅಂಜನಾ ಅಪ್ಪನ ಮೇಲೆ ಬಿದ್ದು ಕೂಗುತ್ತಿದ್ದಳು. ಅವಳಿಗೂ ಏಟುಗಳು ಬಿದ್ದವು.

ಮುದಕಪ್ಪ ಮಗಳನ್ನು ಪಕ್ಕಕ್ಕೆ ನೂಕಿದ. ಮೊಣಕಾಲೂರಿ ತೆವಳಿ ಹೊಸ್ತಿಲಿಗೆ ಹೋದ. ಬಲಗೈ ಚಾಚಿ ಹೆಬ್ಬೆರಳನ್ನು ತಾನೇ ಅದರ ಮೇಲೆ ಇಟ್ಟ.

"ಪಾಂಡಪ್ಪಾ, ಬಾ."

ಪಾಂಡಪ್ಪ ಬರಲಾರ ಎಂದು ನಾನು ತಿಳಿದಿದ್ದೆ. ಬಡವ, ಸಾಧು, ಮಾತೇ ಆಡದವನು. ಅವನು ಬಂದ. ಕಲ್ಲನ್ನು ಎಡಗೈಯಲ್ಲಿ ಎತ್ತಿದ. ಆ ಕೈಯಲ್ಲೇ ಈಗ ಅವನು ಕುರಿ ಹಿಂಡುತ್ತಾನೆ, ಕಬ್ಬು ಕಡಿಯುತ್ತಾನೆ. ಒಂದೇ ಏಟಿಗೆ ಬಿಡಲಿಲ್ಲ. ಅಂಜನಾ ಚೀರಿದ್ದು ಹೊಳೆಯ ಆಚೆಗೂ ಕೇಳಿಸಿರಬೇಕು. ಮುದಕಪ್ಪ ತುಟಿ ಕಚ್ಚಿದ್ದನೇ ಹೊರತು ಕೈ ಹಿಂದೆಗೆಯಲಿಲ್ಲ. ಕಲ್ಲು ಒಗೆದು ಪಾಂಡಪ್ಪ ಅಲ್ಲೇ ಕೂತು ಹೋ ಎಂದು ಅತ್ತ.

ಗುರುಪಾದ ಮೂಗಿಗೆ ಬಟ್ಟೆ ಒತ್ತಿಕೊಂಡೇ ತನ್ನ ಗೂಡ್ಸ್ ಗಾಡಿ ತಂದ. ಹಿಂದೆ ಮುದಕಪ್ಪನನ್ನು ಮಲಗಿಸಿದೆವು. ಅಂಜನಾ ಸೆರಗು ಹರಿದು ಅಪ್ಪನ ಕೈ ಸುತ್ತಿದಳು. ಬಟ್ಟೆ ಸುತ್ತಿದಷ್ಟೂ ನೆನೆಯುತ್ತಿತ್ತು. ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಾಡಿ ತೆವಳುತ್ತಿತ್ತು. ಚಾಲಕನ ಬೆನ್ನ ಹಿಂದಿನ ಕಿಟಕಿಗೆ ಗಾಜಿರಲಿಲ್ಲ, ಆಡಿದ ಮಾತು ಮುಂದೆಯೂ ಕೇಳಿಸುತ್ತಿತ್ತು.

"ಅಂಜವ್ವಾ," ಎಂದ ಮುದಕಪ್ಪ. ಅವನಿಗೆ ಕೈಯ ನೋವಿಗಿಂತ ಬೇರೆ ನೋವು ಹೆಚ್ಚಾಗಿತ್ತು. "ಇಷ್ಟ ಮಂದಿ ಬೆರಳ ಹೋದುವು. ಒಮ್ಮೆರ ಖರೆ ಹೇಳಿತ್ತೇನ ಅದು? ಒಬ್ಬನ ಮ್ಯಾಲರ?"

ಅಂಜನಾ ಅಳುತ್ತಿದ್ದಳು. "ಹೇಳತಿತ್ತಪ್ಪಾ. ಆಕಾಶದ್ದು ಕೇಳಿದ್ರ ಖರೇನ ಹೇಳತಿತ್ತು. ನಾವ ಕೇಳಬಾರದ್ದ ಕೇಳಿದ್ವಿ."

"ಮಂದೀದು ಕೇಳಾಕತ್ತೇನಿ."

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮುದಕಪ್ಪ ಕಣ್ಣು ಮುಚ್ಚಿದ. ಅವನ ಮುಖ ನೋಡಿ ಇವನು ಆಸ್ಪತ್ರೆ ಮುಟ್ಟುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಮುಂದಿನಿಂದ ಗುರುಪಾದ ತಿರುಗದೆಯೇ ಹೇಳಿದ: "ಇವತ್ತ ಹೇಳೇತಿ, ಅಪ್ಪಾ."

"ಏನಂದಿ?"

"ನಾಯಿ ನಾನ ಹೊಡದಿದ್ದೆ."

ಅಂಜನಾ ಕಿಟಕಿಯೊಳಗೆ ಕೈ ತೂರಿಸಿ ತಮ್ಮನ ಕುತ್ತಿಗೆಗೆ, ತಲೆಗೆ, ಕಿವಿಗೆ ಎಲ್ಲಿ ಸಿಕ್ಕಿತೋ ಅಲ್ಲಿ ಗುದ್ದತೊಡಗಿದಳು. ಗಾಡಿ ರಸ್ತೆಯ ಅಂಚಿಗೆ ಓಲಾಡಿತು, ಹಿಂದಿನ ಟ್ರ್ಯಾಕ್ಟರಿನವನು ಬೈದ. ಗುರುಪಾದ ತಪ್ಪಿಸಿಕೊಳ್ಳಲಿಲ್ಲ. ಮುದಕಪ್ಪ ಎದ್ದು ಕೂತಿದ್ದ. ಎಲ್ಲಿಂದ ಬಂತೋ ಆ ಶಕ್ತಿ, ನೆಟ್ಟಗಿದ್ದ ಎಡಗೈಯಿಂದ ಮಗಳ ಮುಷ್ಟಿಯನ್ನು ಹಿಡಿದ. ಅವನ ಕಣ್ಣುಗಳು ತುಂಬಿ ಹೊಳೆಯುತ್ತಿದ್ದವು.

"ಬಿಡವ್ವಾ, ಹೊಡೀಬ್ಯಾಡ. ಬೀರಪ್ಪ ಅದಾನ. ಇವತ್ತ ಖರೆ ಹೇಳ್ಯಾನ."

ಸಡಿಲ ಮುಳ್ಳು ಕಳ್ಳನ ಕೈಯಲ್ಲೂ ಬೀಳುತ್ತದೆ, ಸಾಚಾನ ಕೈಯಲ್ಲೂ ಬೀಳುತ್ತದೆ ಎಂದು ಅಂಜನಾ ಹೇಳಬೇಕಿತ್ತು. ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮುದಕಪ್ಪ ರಕ್ತ ಸೋರುವ ಕೈಯನ್ನು ಇನ್ನೊಂದು ಕೈಗೆ ಕೂಡಿಸಿ, ಊರಿನ ಕಡೆ ತಿರುಗಿ ಮುಗಿದ. ಅಂಜನಾ ಬಾಯಿ ಮುಚ್ಚಿಕೊಂಡಳು.